ಮಗುವಿಲ್ಲದ ಬಾಣಂತಿ: ಶುಶ್ರೂಷಕಿಯಾಗಿ ನನ್ನ ಅನುಭವ

ನಾನು ಜಿಲ್ಲಾ ಆಸ್ಪತ್ರೆಯೊಂದರ ನವಜಾತ ಶಿಶು ಘಟಕದಲ್ಲಿ ಶುಶ್ರೂಷಕಿ. ಮಗು ತೀರಿಹೋದಾಗ ಮನೆಯ ಹಿರಿಯರಿಗೆ ಎರಡು ಆತುರ: ಕತ್ತಲಾಗುವ ಮೊದಲು ಮಣ್ಣು ಮಾಡಬೇಕು, ತಾಯಿಗೆ ತೋರಿಸಬಾರದು. "ನೋಡಿದರೆ ತಡೆದುಕೊಳ್ಳುವುದಿಲ್ಲ ಸಿಸ್ಟರ್" ಎನ್ನುತ್ತಾರೆ. ಅದು ಅವರ ಕಾಳಜಿಯೇ. ಆದರೂ ನಾನು ತಾಯಿಯನ್ನೇ ಕೇಳುತ್ತೇನೆ, "ಎತ್ತಿಕೊಳ್ಳುತ್ತೀಯೇನಮ್ಮಾ?" ಬೇಡವೆಂದರೆ ಒತ್ತಾಯವಿಲ್ಲ. ಹೂಂ ಎಂದರೆ ನಳಿಕೆ, ಅಂಟುಪಟ್ಟಿಗಳನ್ನು ತೆಗೆದು, ಮೈ ಒರೆಸಿ, ಬಟ್ಟೆ ಸುತ್ತಿ ಮಡಿಲಿಗೆ ಕೊಡುತ್ತೇನೆ. ಪರದೆ ಎಳೆದು ಅಪ್ಪನನ್ನೂ ಒಳಗೆ ಕರೆಯುತ್ತೇನೆ. ಬಯಸಿದವರಿಗೆ ಶಾಯಿಯಲ್ಲಿ ಪಾದದ ಗುರುತು ತೆಗೆದುಕೊಡುತ್ತೇನೆ. ಹೆಸರಿಟ್ಟಿದ್ದರೆ ಆ ಹೆಸರು ಹಿಡಿದೇ ಮಾತನಾಡುತ್ತೇನೆ.

ಆಮೇಲಿನದು ಯಾರೂ ಬಾಯಿಬಿಡದ ವಿಷಯ, ಎದೆಹಾಲು. ಹೆರಿಗೆಯಾದ ಎರಡು ಮೂರು ದಿನಕ್ಕೆ ಎದೆ ತುಂಬಿ ಕಲ್ಲಾಗುತ್ತದೆ. ಅಷ್ಟರಲ್ಲಿ ಎಷ್ಟೋ ತಾಯಂದಿರು ಮನೆ ಸೇರಿರುತ್ತಾರೆ, ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ಅದಕ್ಕಾಗಿ ಮೊದಲೇ ಬಿಡಿಸಿ ಹೇಳುತ್ತೇನೆ. ಸೀರೆ ತುಂಡಿನಿಂದ ಬಿಗಿದು ಕಟ್ಟಬೇಡಿ. ನೋವು ಹೆಚ್ಚುತ್ತದೆ, ಬಾವು ಬರಬಹುದು. ಎದೆಗೆ ಆಧಾರ ಕೊಡುವ ಒಳ ಉಡುಪು ಸಾಕು. ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಇಟ್ಟುಕೊಳ್ಳಿ. ತಡೆಯಲಾಗದಿದ್ದರೆ ಬಿಗುವು ಇಳಿಯುವಷ್ಟು ಮಾತ್ರ ಕೈಯಿಂದ ಹಿಂಡಿ ತೆಗೆಯಿರಿ, ಪೂರ್ತಿ ಬರಿದು ಮಾಡಿದರೆ ಮತ್ತೆ ತುಂಬುತ್ತಲೇ ಇರುತ್ತದೆ. ಎದೆ ಕೆಂಪಾಗಿ ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಬನ್ನಿ. ಹಾಲು ನಿಲ್ಲಿಸುವ ಮಾತ್ರೆ ಇದೆ, ಆದರೆ ರಕ್ತದೊತ್ತಡ ಏರಿದ್ದವರಿಗೆ ಅದು ಅಪಾಯ, ವೈದ್ಯರೇ ಬರೆಯಬೇಕು. ಅಪರೂಪಕ್ಕೆ ಹಾಲನ್ನು ಬೇರೆ ಶಿಶುವಿಗೆ ಕೊಡಬಹುದೇ ಎಂದು ಕೇಳುವ ತಾಯಿಯೂ ಇರುತ್ತಾಳೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಇದೆ ಎಂದು ತಿಳಿಸುತ್ತೇನೆ.

ನನಗೆ ಸಹಿಸಲಾಗದ್ದು ಇನ್ನೊಂದು. ಮಗು ಇಲ್ಲವಾದರೆ ಕೆಲವು ಮನೆಗಳಲ್ಲಿ ಬಾಣಂತನವೂ ನಿಂತುಹೋಗುತ್ತದೆ. ಎರೆಯುವವರಿಲ್ಲ, ಬಿಸಿ ಊಟ ಬಡಿಸುವವರಿಲ್ಲ. ಹೊಲಿಗೆ ಮಾಯುವ ಮೊದಲೇ ಕೊಡ ಹೊರುತ್ತಾಳೆ. ಅವಳ ತಾಯಿಯನ್ನೋ ಅತ್ತೆಯನ್ನೋ ಪಕ್ಕಕ್ಕೆ ಕರೆದು, "ಅಮ್ಮಾ, ಇವಳೂ ಹೆತ್ತವಳೇ, ಬಾಣಂತನ ಪೂರ್ತಿ ಮಾಡಿ" ಎಂದು ಕೈ ಹಿಡಿದು ಕೇಳಿಕೊಳ್ಳುತ್ತೇನೆ. "ಬೇಗ ಇನ್ನೊಂದಾಗಲಿ" ಎಂಬ ಮಾತನ್ನು ಅವಳ ಮುಂದೆ ಆಡಬೇಡಿ ಎಂದೂ ಹೇಳುತ್ತೇನೆ. ಊರಿನ ಆಶಾ ಕಾರ್ಯಕರ್ತೆಗೂ ಫೋನ್ ಮಾಡುತ್ತೇನೆ. ಶಿಶುವಿಗಾಗಿ 42 ದಿನಗಳವರೆಗೆ ಹೋಗಿಬರಬೇಕಿದ್ದ ಮನೆಗೆ ತಾಯಿಗಾಗಿಯೇ ಹೋಗಿ ಬರಲಿ ಎಂದು.

ಕಾಗದಪತ್ರ ಅಪ್ಪನ ಪಾಲಿಗೆ. ಕೆಲವೇ ನಿಮಿಷ ಬದುಕಿದ್ದ ಮಗುವಿಗೂ ಜನನ, ಮರಣ ಎರಡೂ ನೋಂದಣಿಯಾಗಬೇಕು, 21 ದಿನಗಳೊಳಗೆ ಶುಲ್ಕವಿಲ್ಲ. ಮಾಹಿತಿ ಕಳಿಸುವುದು ಆಸ್ಪತ್ರೆಯ ಕೆಲಸ. ಹೆಸರುಗಳ ಕಾಗುಣಿತ ಸರಿಯಿದೆಯೇ ಎಂದು ನೋಡಿಕೊಂಡು ಹೋಗಲು ಹೇಳುತ್ತೇನೆ. ತಾಯಿ ಕೇಂದ್ರ ಸರ್ಕಾರದ ನೌಕರಳಾಗಿದ್ದರೆ 2022ರ ಆದೇಶದಂತೆ 60 ದಿನಗಳ ವಿಶೇಷ ಹೆರಿಗೆ ರಜೆಗೆ ಅವಕಾಶವಿದೆ.

ಮಗುವನ್ನು ತೋಳಲ್ಲಿ ಹೊತ್ತು ಸ್ಮಶಾನಕ್ಕೆ ನಡೆಯುವವನೂ ಅಪ್ಪನೇ. "ನೀನು ಧೈರ್ಯವಾಗಿರಬೇಕಪ್ಪ" ಎಂದು ಎಲ್ಲರೂ ಹೇಳಿ ಹೋಗುತ್ತಾರೆ, ಉಂಡೆಯಾ ಎಂದು ಕೇಳುವವರಿಲ್ಲ. ನಾನು ಕೇಳುತ್ತೇನೆ, ಕೂರಿಸಿ ಚಹಾ ತರಿಸುತ್ತೇನೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವನ ಮೊಬೈಲಿನಲ್ಲಿ ನಾನೇ ಹಾಕಿಕೊಡುತ್ತೇನೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕುವುದೇ ಬೇಡ ಎಂಬ ಮಾತು ಇಬ್ಬರಲ್ಲಿ ಯಾರ ಬಾಯಲ್ಲಿ ಬಂದರೂ ಅಂದೇ ಕರೆ ಮಾಡಬೇಕು ಎಂದು ಹೇಳಿ ಕಳಿಸುತ್ತೇನೆ.