ಐದನೇ ಗೆಣ್ಣು ಹೇಳಿದ ಮೇಲೆ ಸಿಂಪಡಣೆ: ಹತ್ತಿಯಲ್ಲಿ ನನ್ನ ಅನುಭವ

ಆ ವರ್ಷ ನನ್ನ ಹತ್ತಿ ಎದೆಮಟ್ಟ ದಾಟಿತ್ತು. ಬದುವಿನ ಮೇಲೆ ನಿಂತು ನೋಡಿದರೆ ಕಡು ಹಸಿರು, ಕಣ್ಣಿಗೆ ಹಬ್ಬ. ಆದರೆ ಸಾಲಿನೊಳಗೆ ಬಗ್ಗಿ ಹೋದಾಗ ಹೊಟ್ಟೆ ಉರಿಯಿತು. ಒಳಗೆಲ್ಲ ನೆರಳು, ತೇವ. ಕೆಳಗಿನ ಮೂರು ನಾಲ್ಕು ಕೊಂಬೆಗಳಲ್ಲಿ ಕಾಯಿಯೇ ಇರಲಿಲ್ಲ. ಉಳಿದ ಕೆಲವು ಕಾಯಿಗಳೂ ಕಂದು ಬಣ್ಣಕ್ಕೆ ತಿರುಗಿ ಕೊಳೆಯುತ್ತಿದ್ದವು. ಗಿಡ ಸೊಕ್ಕಿ ಬೆಳೆದಿತ್ತು, ಅಷ್ಟೇ.

ಆಗ ಗಾಬರಿಯಲ್ಲಿ, ಗಿಡದ ಬೆಳವಣಿಗೆ ತಡೆಯುವ ಮೆಪಿಕ್ವಾಟ್ ಕ್ಲೋರೈಡ್ ಎಂಬ ಔಷಧ ತಂದು ಸಿಂಪಡಿಸಿದೆ. ಎತ್ತರ ಕಡಿಮೆ ಆಗುತ್ತದೆ ಎಂದು ನಂಬಿದ್ದೆ. ಹತ್ತು ದಿನ ಕಳೆದರೂ ಗಿಡ ಅಷ್ಟೇ ಎತ್ತರ ಇತ್ತು. ತುದಿಯ ಎಲೆಗಳು ಮಾತ್ರ ಸ್ವಲ್ಪ ದಪ್ಪವಾಗಿ, ಇನ್ನಷ್ಟು ಕಡು ಹಸಿರಾಗಿದ್ದವು. ಔಷಧ ಕೆಟ್ಟಿದೆ ಅಂದುಕೊಂಡೆ. ಔಷಧ ಸರಿಯಾಗಿಯೇ ಇತ್ತು, ನನ್ನ ತಿಳಿವಳಿಕೆ ತಪ್ಪಾಗಿತ್ತು.

ಗಿಡದೊಳಗೆ ಗಿಬ್ಬರೆಲಿನ್ ಎಂಬ ಹಾರ್ಮೋನು ಇರುತ್ತದೆ. ಎಳೆಯ ಜೀವಕೋಶಗಳನ್ನು ಉದ್ದಕ್ಕೆ ಎಳೆಯುವುದು ಅದರ ಕೆಲಸ. ಮೆಪಿಕ್ವಾಟ್ ಆ ಹಾರ್ಮೋನು ತಯಾರಾಗುವುದನ್ನು ತಡೆಯುತ್ತದೆ. ಹಾಗಾಗಿ ಸಿಂಪಡಿಸಿದ ಮೇಲೆ ಬರುವ ಹೊಸ ಗೆಣ್ಣುಗಳ, ಅಂದರೆ ಕಾಂಡದಲ್ಲಿ ಎಲೆ ಹುಟ್ಟುವ ಗಂಟುಗಳ, ನಡುವಿನ ಅಂತರ ಮಾತ್ರ ಗಿಡ್ಡವಾಗುತ್ತದೆ. ಆಗಲೇ ಬಲಿತ ಕಾಂಡ ಕುಗ್ಗುವುದಿಲ್ಲ. ನಾನು ಸಿಂಪಡಿಸುವ ಹೊತ್ತಿಗೆ ಗಿಡ ತನ್ನ ಉದ್ದವನ್ನೆಲ್ಲ ಬೆಳೆದು ಮುಗಿಸಿತ್ತು.

ಮರುವರ್ಷ ತಡ ಮಾಡಬಾರದು ಎಂದು ದಿನ ಎಣಿಸಿಕೊಂಡು ಹೊರಟೆ. ಮೊಗ್ಗು ಕಂಡ ಕೂಡಲೇ ಒಂದು ಸಲ, ಹೂ ಬಿಟ್ಟಾಗ ಒಂದು ಸಲ, ಎರಡು ವಾರ ಬಿಟ್ಟು ಮತ್ತೊಂದು ಸಲ, ಇಡೀ ಹೊಲಕ್ಕೆ ಒಂದೇ ಪ್ರಮಾಣ. ಎರಡನೇ ಸಿಂಪಡಣೆ ಆದ ಮೇಲೆ ಮಳೆ ಕೈಕೊಟ್ಟಿತು. ತೆಳು ಮಣ್ಣಿನ ಮೇಲ್ಭಾಗದಲ್ಲಿ ಗಿಡ ಮೊದಲೇ ನಿಧಾನವಾಗಿತ್ತು, ಅದರ ಮೇಲೆ ನಾನು ಬ್ರೇಕ್ ಹಾಕಿದ್ದೆ. ಹೂ ಬೇಗ ತುದಿಗೆ ಬಂದು ನಿಂತಿತು. ಆಮೇಲೆ ಒಳ್ಳೆ ಮಳೆ ಬಂದರೂ ಗಿಡಕ್ಕೆ ಮತ್ತೆ ಎದ್ದು ಕಾಯಿ ಕಟ್ಟುವ ಚೈತನ್ಯ ಉಳಿದಿರಲಿಲ್ಲ. ಸಿಂಪಡಿಸಲು ಮರೆತಿದ್ದ ಒಂದು ಮೂಲೆಯಲ್ಲಿ ಕಾಯಿ ಜಾಸ್ತಿ ಇತ್ತು. ಆ ಮೂಲೆ ನನ್ನ ಕಣ್ಣು ತೆರೆಸಿತು.

ಅಲ್ಲಿಂದ ಮುಂದೆ ಅಳತೆ ಇಲ್ಲದೆ ಸಿಂಪಡಿಸಿಲ್ಲ. ನಾನು ಅಳೆಯುವುದು ಹೀಗೆ.

ಸುಳಿಯಲ್ಲಿ ಪೂರ್ತಿ ಬಿಡಿಸಿಕೊಂಡ, ನಾಣ್ಯದಷ್ಟು ಅಗಲದ ಎಲೆ ಇರುತ್ತದಲ್ಲ, ಅದರ ಗೆಣ್ಣನ್ನು ಒಂದು ಎಂದು ಹಿಡಿಯುತ್ತೇನೆ. ಅಲ್ಲಿಂದ ಮುಖ್ಯ ಕಾಂಡದಲ್ಲೇ ಕೆಳಗೆ ಎಣಿಸುತ್ತ ನಾಲ್ಕು ಮತ್ತು ಐದನೇ ಗೆಣ್ಣಿಗೆ ಬರುತ್ತೇನೆ. ಈ ಎರಡರ ನಡುವಿನ ಅಂತರಕ್ಕೆ ಸ್ಕೇಲ್ ಹಿಡಿಯುತ್ತೇನೆ. ಇನ್ನೂ ಮೇಲಿನ ಗೆಣ್ಣುಗಳು ಎಳೆಯವು, ಪೂರ್ತಿ ಹಿಗ್ಗಿರುವುದಿಲ್ಲ. ಕೆಳಗಿನವು ಹಳೆಯ ಕಥೆ ಹೇಳುತ್ತವೆ. ಈ ಒಂದು ಅಂತರ ಮಾತ್ರ ಗಿಡ ಈಗ ಯಾವ ವೇಗದಲ್ಲಿದೆ ಎಂದು ಹೇಳುತ್ತದೆ. 5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸುಮ್ನೆ ವಾಪಸ್ ಬರುತ್ತೇನೆ. 7.5 ಸೆಂ.ಮೀ. ದಾಟಿದ್ದರೆ ಸಿಂಪಡಿಸುತ್ತೇನೆ. ನಡುವೆ ಇದ್ದರೆ ಮಣ್ಣಿನ ತೇವ, ಕೆಳಗಿನ ಕಾಯಿ, ಮೋಡ ಎಲ್ಲ ನೋಡಿ ತೀರ್ಮಾನ. ಒಂದು ಗಿಡ ಅಳೆದರೆ ಸಾಲದು. ಹೊಲದ ಬೇರೆ ಬೇರೆ ಕಡೆ ಇಪ್ಪತ್ತು ಗಿಡವನ್ನಾದರೂ ನೋಡುತ್ತೇನೆ. ಬದುವಿನ ಪಕ್ಕದ ಗಿಡ ಲೆಕ್ಕಕ್ಕಿಲ್ಲ.

ಹೂ ಶುರುವಾದ ಮೇಲೆ ಇನ್ನೊಂದು ಎಣಿಕೆ ಸೇರುತ್ತದೆ. ಹತ್ತಿ ಹೂ ಅರಳಿದ ದಿನ ಬೆಳ್ಳಗೆ ಇದ್ದು ಮರುದಿನ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಬಿಳಿ ಹೂ ಎಂದರೆ ಇವತ್ತಿನ ಹೂ. ಕಾಂಡಕ್ಕೆ ಹತ್ತಿರದ ಮೊದಲ ಸ್ಥಾನದಲ್ಲಿ ಬಿಟ್ಟ, ಎಲ್ಲಕ್ಕಿಂತ ಮೇಲಿನ ಬಿಳಿ ಹೂ ಹುಡುಕಿ, ಅದರ ಮೇಲೆ ತುದಿಯವರೆಗೆ ಎಷ್ಟು ಗೆಣ್ಣು ಇವೆ ಎಂದು ಎಣಿಸುತ್ತೇನೆ. ಮೊದಲ ಹೂವಿನ ಹೊತ್ತಿಗೆ ಎಂಟು ಒಂಬತ್ತು ಇದ್ದರೆ ಗಿಡಕ್ಕೆ ಒಳ್ಳೆ ಕಸುವಿದೆ. ಕಾಯಿ ಕಟ್ಟುತ್ತ ಹೋದಂತೆ ಈ ಸಂಖ್ಯೆ ತಾನಾಗಿಯೇ ಇಳಿಯುತ್ತದೆ. ಐದಕ್ಕೆ ಬಂತೆಂದರೆ ಗಿಡ ಹೆಚ್ಚುಕಡಿಮೆ ತನ್ನ ಓಟ ಮುಗಿಸಿದೆ, ಇನ್ನು ಅದನ್ನು ತಡೆಯುವ ಔಷಧದ ಅಗತ್ಯವೇ ಇಲ್ಲ. ಮೊದಲ ಹೂವಿನಲ್ಲೇ ಆರು ಇದ್ದರೆ ಗಿಡ ಬಳಲಿದೆ ಎಂದರ್ಥ. ಅಂಥ ಗಿಡಕ್ಕೆ ಬೇಕಾದದ್ದು ನೀರು, ಗೊಬ್ಬರ. ಮೆಪಿಕ್ವಾಟ್ ಮುಟ್ಟಲೇಬಾರದು.

ಪ್ರಮಾಣದ ಬಗ್ಗೆ ಹೇಳಬೇಕು. ನಾನು ಬಳಸುವುದು 5 ಪ್ರತಿಶತ ದ್ರಾವಣ, ಅಂದರೆ ಒಂದು ಲೀಟರಿನಲ್ಲಿ 50 ಗ್ರಾಂ ಮೂಲ ಔಷಧ. ಮೊದಲ ಸಿಂಪಡಣೆ ಬೇಕೆನಿಸಿದರೆ ಎಕರೆಗೆ 100 ಮಿ.ಲೀ., ಅಂದರೆ 5 ಗ್ರಾಂ. ಹತ್ತು ಹನ್ನೆರಡು ದಿನ ಬಿಟ್ಟು ಮತ್ತೆ ಅಳೆದು, ಅಂತರ ಇನ್ನೂ ಉದ್ದವೇ ಇದ್ದರೆ 200 ಮಿ.ಲೀ. ಒಂದೇ ಸಲಕ್ಕೆ ದೊಡ್ಡ ಪ್ರಮಾಣ ಕೊಟ್ಟರೆ ಮುಂದೆ ಮಳೆ ನಿಂತಾಗ ವಾಪಸ್ ತೆಗೆಯಲು ಆಗುವುದಿಲ್ಲ ಅಲ್ವಾ? ಅದಕ್ಕೇ ಸಣ್ಣ ಸಣ್ಣ ಕಂತು. ಬೇರೆ ಸಾಂದ್ರತೆಯ ಔಷಧವೂ ಸಿಗುತ್ತದೆ, ಹಾಗಾಗಿ ನನ್ನ ಮಿ.ಲೀ. ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ. ಡಬ್ಬಿಯ ಮೇಲಿನ ಚೀಟಿ ಓದಿ, ಅದರ ಮಿತಿ ದಾಟಬೇಡಿ. ಸಿಂಪಡಿಸಿದ ದಿನ ಎಂಟು ಗಂಟೆಯಾದರೂ ಮಳೆ ಬರಬಾರದು ಎಂದು ನೋಡಿಕೊಳ್ಳುತ್ತೇನೆ.

ಇಡೀ ಹೊಲಕ್ಕೆ ಒಂದೇ ಸಲ ಹೊಡೆಯುವುದನ್ನೂ ಬಿಟ್ಟೆ. ನನ್ನ ಹೊಲದ ತಗ್ಗಿನ ಭಾಗದಲ್ಲಿ ಮಣ್ಣು ಆಳ, ನೀರು ನಿಲ್ಲುತ್ತದೆ. ಅಲ್ಲಿ ಎರಡು ಅಥವಾ ಮೂರು ಸಲ ಬೇಕಾಗುತ್ತದೆ. ಮೇಲ್ಭಾಗಕ್ಕೆ ಕೆಲವು ವರ್ಷ ಒಂದು ಸಲವೂ ಬೇಕಾಗಿಲ್ಲ.

ಇಷ್ಟೆಲ್ಲ ಅಳೆಯುವಾಗ ನನಗೆ ತಿಳಿದ ದೊಡ್ಡ ಸಂಗತಿ ಬೇರೆಯೇ. ಗಿಡ ಯಾಕೆ ಸೊಕ್ಕುತ್ತದೆ? ಹತ್ತಿ ಮೂಲತಃ ಹಲವು ವರ್ಷ ಬದುಕುವ ಗಿಡ. ಬೆಳೆಯುತ್ತಲೇ ಇರುವುದು ಅದರ ಸ್ವಭಾವ. ಅದನ್ನು ಹಿಡಿದು ನಿಲ್ಲಿಸುವುದು ಕಾಯಿ. ಕೆಳಗಿನ ಕೊಂಬೆಗಳಲ್ಲಿ ಕಾಯಿ ನಿಂತರೆ ಆಹಾರ ಅಲ್ಲಿಗೆ ಹೋಗುತ್ತದೆ, ಎತ್ತರಕ್ಕೆ ಹೋಗಲು ಉಳಿಯುವುದು ಕಡಿಮೆ. ಮೊಗ್ಗು ಉದುರಿದರೆ ಆ ಆಹಾರವೆಲ್ಲ ಸುಳಿಗೆ. ಮೊದಲ ವರ್ಷ ಶುರುವಿನ ಮೊಗ್ಗುಗಳನ್ನು ಹುಳು ತಿಂದಿತ್ತು, ನಾನು ಗಮನಿಸಿರಲಿಲ್ಲ. ಜೊತೆಗೆ ಯೂರಿಯಾ ಕೈಬಿಚ್ಚಿ ಹಾಕಿದ್ದೆ. ಎದೆಮಟ್ಟದ ಹತ್ತಿಯನ್ನು ಬೆಳೆಸಿದ್ದು ನಾನೇ.

ಈಗ ಮೊಗ್ಗಿನ ಕಾಲದಲ್ಲಿ ವಾರಕ್ಕೆರಡು ಸಲ ಕೆಳಗಿನ ಐದು ಕೊಂಬೆಗಳ ಮೊದಲ ಸ್ಥಾನ ನೋಡುತ್ತೇನೆ. ಮೊಗ್ಗು ಇದೆಯೋ, ಬರೀ ಉದುರಿದ ಗುರುತು ಇದೆಯೋ ಅಂತ. ಸಾರಜನಕವನ್ನು ಮೂರು ಕಂತು ಮಾಡಿದ್ದೇನೆ. ಇವೆರಡು ಸರಿ ಇದ್ದ ವರ್ಷ ಮೆಪಿಕ್ವಾಟ್ ಡಬ್ಬಿ ಅರ್ಧ ಉಳಿದಿದೆ.

ಮೊಗ್ಗು ಉದುರದಂತೆ ಎನ್‌ಎಎ ಎಂಬ ಹಾರ್ಮೋನು ಔಷಧ ಕೂಡ ಬಳಸಿ ನೋಡಿದ್ದೇನೆ. 4.5 ಪ್ರತಿಶತದ್ದು, ನಾಲ್ಕೂವರೆ ಲೀಟರ್ ನೀರಿಗೆ 1 ಮಿ.ಲೀ. ಹಾಕಿದರೆ 10 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 10 ಭಾಗ ಆಗುತ್ತದೆ. ಪ್ರಮಾಣ ಜಾಸ್ತಿಯಾದರೆ ಇದೇ ಔಷಧ ಉದುರಿಸುತ್ತದೆ, ಜೋಪಾನ. ಇದು ಎತ್ತರ ತಡೆಯುವ ಔಷಧ ಅಲ್ಲ. ಹುಳುವಿನಿಂದ ಉದುರುವ ಮೊಗ್ಗಿಗೆ ಇದರಿಂದ ಏನೂ ಆಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಕಳೆನಾಶಕ 2,4-ಡಿ ಹೊಡೆದ ಪಂಪನ್ನು ಹತ್ತಿಗೆ ತರಲೇಬೇಡಿ. ತೊಳೆದರೂ ಉಳಿಯುವ ಒಂದಿಷ್ಟು ಸಾಕು, ಎಲೆಗಳು ಸೀಳಿದಂತೆ ಕಿರಿದಾಗಿ ಬರುತ್ತವೆ. ನನಗೆ ಹಾಗಾದಾಗ ಮೆಪಿಕ್ವಾಟ್ ಜಾಸ್ತಿ ಆಯಿತೆಂದು ವಾರಗಟ್ಟಲೆ ಕೊರಗಿದ್ದೆ. ಈಗ ಹತ್ತಿಗೆ ಬೇರೆಯೇ ಪಂಪು.

ಇಳುವರಿ ಎಷ್ಟು ಹೆಚ್ಚಿತು ಎಂದು ಕೇಳುತ್ತಾರೆ. ಪ್ರತಿ ವರ್ಷ ತಗ್ಗಿನ ಭಾಗದಲ್ಲಿ ಆರು ಸಾಲು ಸಿಂಪಡಿಸದೆ ಬಿಟ್ಟು ಬೇರೆಯಾಗಿ ಬಿಡಿಸಿ ತೂಗುತ್ತೇನೆ. ಮಳೆ ಹೆಚ್ಚಿದ ವರ್ಷಗಳಲ್ಲಿ ಸಿಂಪಡಿಸಿದ ಕಡೆ ತೂಕ ಚೆನ್ನಾಗಿ ಬಂದಿದೆ, ಕಾಯಿ ಕೊಳೆಯುವುದು ಕಡಿಮೆಯಾದದ್ದೇ ಮುಖ್ಯ ಕಾರಣ. ಸಾಧಾರಣ ವರ್ಷಗಳಲ್ಲಿ ತೂಕ ಹೆಚ್ಚುಕಡಿಮೆ ಒಂದೇ. ಆದರೆ ಸಿಂಪಡಿಸಿದ ಕಡೆ ಗಾಳಿ ಬೆಳಕು ಆಡುತ್ತದೆ, ಹುಳುವಿನ ಔಷಧ ಬುಡದವರೆಗೆ ಇಳಿಯುತ್ತದೆ, ಕಾಯಿ ಒಟ್ಟೊಟ್ಟಿಗೆ ಬಿರಿಯುತ್ತದೆ, ಬಿಡಿಸುವವರಿಗೆ ಸಾಲಿನಲ್ಲಿ ನಡೆದಾಡಲು ಜಾಗ ಇರುತ್ತದೆ. ಸಾಲಿನಲ್ಲಿ ಗಿಡಗಳನ್ನು ಇನ್ನಷ್ಟು ಹತ್ತಿರ ಹಾಕುವ ಧೈರ್ಯವೂ ಇದರಿಂದಲೇ ಬಂದದ್ದು. ಇದನ್ನು ಇಳುವರಿ ಟಾನಿಕ್ ಎಂದು ಕೊಂಡರೆ ನಿರಾಸೆ ಖಂಡಿತ.

ಈ ಸಲವೂ ಆರು ಸಾಲು ಬಿಟ್ಟಿದ್ದೇನೆ. ನಿನ್ನೆ ತಗ್ಗಿನಲ್ಲಿ ಅಳೆದೆ. ನಾಲ್ಕು ಐದರ ನಡುವೆ 6 ಸೆಂ.ಮೀ., ಬಿಳಿ ಹೂವಿನ ಮೇಲೆ ಎಂಟು ಗೆಣ್ಣು, ಕೆಳಗಿನ ಕೊಂಬೆಗಳಲ್ಲಿ ಕಾಯಿ ನಿಂತಿವೆ. ಇನ್ನೈದು ದಿನ ಬಿಟ್ಟು ಸ್ಕೇಲ್ ಹಿಡಿದು ಮತ್ತೆ ಹೋಗುತ್ತೇನೆ.