ಬಿದಿರ ತಡಿಕೆ, ಮರದ ಕಂಬ, ಮೇಲೆ ಗಾರೆ: ಗಟ್ಟಿ ಗೋಡೆ ಕಟ್ಟೋದು ಹೀಗೆ

1897ರ ಜೂನ್‌ನಲ್ಲಿ ಅಸ್ಸಾಂ, ಶಿಲ್ಲಾಂಗ್ ಕಡೆ ಭಾರಿ ಭೂಕಂಪವಾಯಿತು. ಕಲ್ಲಿನ ಕಟ್ಟಡಗಳು ನೆಲಕಚ್ಚಿದವು. ಆಮೇಲೆ ಅಲ್ಲಿ ಮರದ ಚೌಕಟ್ಟಿನ ನಡುವೆ ಬಿದಿರು ಇಲ್ಲವೇ ಜೊಂಡಿನ ತಡಿಕೆ ಕಟ್ಟಿ, ಗಾರೆ ಬಳಿದ ಮನೆಗಳೇ ಜಾಸ್ತಿಯಾದವು. ಗೋಡೆ ಹಗುರ, ಅಲುಗಿದರೂ ಚೌಕಟ್ಟು ತಾಳಿಕೊಳ್ಳುತ್ತದೆ. ತೋಟದಲ್ಲಿ ಒಂದು ಸಣ್ಣ ಕೋಣೆ ಬೇಕು ಅನ್ನುವವರಿಗೆ ನಮ್ಮ ಮಲೆನಾಡಿನಲ್ಲೂ ಇದು ಒಳ್ಳೆಯ ದಾರಿ.

ಬಿದಿರು ಬೇಗ ಹಾಳಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಹಸಿ ಬಿದಿರು ತಂದು ಸುಮ್ನೆ ಕಟ್ಟಿದರೆ ಹಾಳಾಗದೆ ಇನ್ನೇನು! ಹಾಗಾಗಿ ಅರ್ಧ ಕೆಲಸ ಮೆಳೆಯಲ್ಲೇ ಶುರು.

ಮೂರರಿಂದ ಐದು ವರ್ಷ ಬಲಿತ ಗಳಗಳನ್ನೇ ಆರಿಸಿ. ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಕಡಿಯಿರಿ. ಆಗ ಬಿದಿರಿನಲ್ಲಿ ಪಿಷ್ಟ ಕಡಿಮೆ. ಹುಳು ಬರುವುದು ಆ ಪಿಷ್ಟ ತಿನ್ನೋಕೆ. ಗಳವನ್ನು ಸೀಳಿ ಒಂದು, ಒಂದೂವರೆ ಇಂಚು ಅಗಲದ ದಬ್ಬೆ ಮಾಡಿ, ಒಳಗಿನ ಗೆಣ್ಣಿನ ಉಬ್ಬು ಕೆತ್ತಿ ತೆಗೆಯಿರಿ.

ಮುಂದಿನದು ಮದ್ದು. 100 ಲೀಟರ್ ನೀರಿಗೆ 3 ಕಿಲೋ ಬೊರಾಕ್ಸ್, 2 ಕಿಲೋ ಬೋರಿಕ್ ಆಸಿಡ್ ಕರಗಿಸಿ. ದಬ್ಬೆಗಳನ್ನು ಒಂದು ವಾರ ಪೂರ್ತಿ ಮುಳುಗಿಸಿಟ್ಟು, ಆಮೇಲೆ ನೆರಳಲ್ಲಿ ಒಣಗಿಸಿ. ಉಳಿದ ನೀರನ್ನು ಬಾವಿ, ಕೆರೆ, ಅಡಿಕೆ ಗಿಡದ ಬುಡ ಎಲ್ಲೂ ಚೆಲ್ಲಬೇಡಿ. ಇನ್ನೊಂದು ಮಾತು: ಈ ಮದ್ದು ಮಳೆನೀರಿಗೆ ತೊಳೆದುಹೋಗುತ್ತದೆ. ಹಾಗಾಗಿ ಮಾಡಿನ ಚಾಚು ಗೋಡೆಯಿಂದ ಮೂರು ಅಡಿಯಾದರೂ ಹೊರಗೆ ಬರಲೇಬೇಕು. ಇದರಲ್ಲಿ ಜಿಪುಣತನ ಬೇಡ.

ಪಾಯ ಕಲ್ಲಿನದೇ ಇರಲಿ, ನೆಲದಿಂದ ಒಂದೂವರೆ ಅಡಿ ಮೇಲಕ್ಕೆ. ಹಲಸು ಅಥವಾ ಅಕೇಶಿಯಾದ ನಾಲ್ಕಿಂಚು ಕಂಬಗಳನ್ನು ಮೂರು ಅಡಿಗೊಂದರಂತೆ ನಿಲ್ಲಿಸಿ. ಕಂಬವನ್ನು ಮಣ್ಣಿಗೆ ಹೂಳಬೇಡಿ, ಗೆದ್ದಲಿಗೆ ಅದೇ ಬಾಗಿಲು. ಕಬ್ಬಿಣದ ಪಟ್ಟಿ ಕೊಟ್ಟು ಪಾಯದ ಮೇಲೆ ಬೋಲ್ಟ್ ಹಾಕಿ. ಮೂಲೆಗಳಿಗೆ ಓರೆ ಪಟ್ಟಿ ಬೇಕೇ ಬೇಕು. ಭೂಕಂಪ, ಗಾಳಿ ಬಂದರೆ ತಡೆಯುವುದು ಅದು. ಚೌಕಟ್ಟಿನ ಅಳತೆಯನ್ನು ಮಾತ್ರ ಎಂಜಿನಿಯರ್ ಒಬ್ಬರಿಗೆ ತೋರಿಸಿಕೊಳ್ಳಿ.

ದಬ್ಬೆಗಳನ್ನು ಅಡ್ಡಡ್ಡಲಾಗಿ, ಅರ್ಧ ಇಂಚು ಸಂದು ಬಿಟ್ಟು ಕಂಬಕ್ಕೆ ಹೊಡೆಯಿರಿ. ಮೊಳೆಗಿಂತ ಮೊದಲು ಡ್ರಿಲ್‌ನಲ್ಲಿ ತೂತು ಮಾಡಿ. ಇಲ್ಲದಿದ್ದರೆ ದಬ್ಬೆ ಉದ್ದಕ್ಕೂ ಸೀಳುತ್ತದೆ. ಮೇಲೆ ಚಿಕನ್ ಮೆಶ್ ಎಳೆದು ಬಿಗಿಯಿರಿ. ಬಿದಿರಿನ ಹೊಳೆಯುವ ಸಿಪ್ಪೆಗೆ ಗಾರೆ ಅಂಟುವುದಿಲ್ಲ. ಅದಕ್ಕೇ ಈ ಸಂದು, ಈ ಜಾಲರಿ.

ಗಾರೆಗೆ ಸಿಮೆಂಟ್ ಒಂದು ಪಾಲು, ಸುಣ್ಣ ಒಂದು, ಮರಳು ಆರು. ಮೊದಲ ಕೋಟ್ ಸವರಬೇಡಿ, ಕರಣೆಯಿಂದ ಬೀಸಿ ಹೊಡೆಯಿರಿ. ಸಂದಿನಿಂದ ನುಗ್ಗಿದ ಗಾರೆ ಹಿಂಬದಿಯಲ್ಲಿ ಉಬ್ಬಿ ದಬ್ಬೆಯನ್ನು ಕಚ್ಚಿಕೊಳ್ಳಬೇಕು. ಹಿಂದೆ ಹೋಗಿ ನೋಡಿ. ಸಾಲುಸಾಲಾಗಿ ಗಂಟು ಕಂಡರೆ ಸರಿಯಾಗಿ ಬಿದ್ದಿದೆ ಅಂತ ಅರ್ಥ. ಮೇಲ್ಮೈಯನ್ನು ಗೀರಿ ಬಿಡಿ. ಮರುದಿನ ಎರಡನೇ ಕೋಟ್ ಕೊಟ್ಟು ಮಟ್ಟ ಮಾಡಿ. ಒಳಬದಿಗೂ ಹೀಗೇ. ಒಂದು ವಾರ ಒದ್ದೆ ಗೋಣಿ ಹೊದಿಸಿಡಿ.

ಪೂರ್ತಿ ಒಣಗಿದ ಮೇಲೆ ಸುಣ್ಣ ಬಳಿಯಿರಿ. ಪ್ರತಿ ವರ್ಷ ಮಳೆಗೆ ಮುಂಚೆ ಗೋಡೆ ಸುತ್ತ ಒಮ್ಮೆ ನೋಡಿ, ಬಿರುಕಿದ್ದರೆ ಸುಣ್ಣದ ಗಾರೆ ತುಂಬಿಸಿ.