ಆಕಾಶ ನೋಡಿ ಬಟ್ಟೆ ಹಾಕಿಕೊಳ್ಳಬೇಡಿ: ಮಿನಿಯಾಪೊಲಿಸ್‌ಗೆ ಹೊಸದಾಗಿ ಬಂದ ಕುಟುಂಬಗಳಿಗೆ ಹವಾಮಾನದ ಮಾರ್ಗದರ್ಶಿ

ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರಕ್ಕೆ ಬಂದ ಕನ್ನಡ ಕುಟುಂಬಗಳು ಮೊದಲ ಜನವರಿಯಲ್ಲಿ ಮಾಡುವ ತಪ್ಪು ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಪರದೆ ಸರಿಸಿದರೆ ಮೋಡದ ತುಣುಕೂ ಇಲ್ಲದ ನೀಲಿ ಆಕಾಶ, ಹಿಮದ ಮೇಲೆ ಕಣ್ಣು ಕೋರೈಸುವ ಬಿಸಿಲು ಕಾಣುತ್ತದೆ. ಬಿಸಿಲಿದ್ದರೆ ಬೆಚ್ಚಗಿರುತ್ತದೆಂಬ ಊರಿನ ಲೆಕ್ಕ ಹಾಕಿ, ತೆಳ್ಳನೆಯ ಜಾಕೆಟ್ ತೊಡಿಸಿ ಮಗುವನ್ನು ಶಾಲಾ ಬಸ್ಸಿಗೆ ಕಳಿಸುತ್ತೇವೆ. ಇಲ್ಲಿ ಆ ಲೆಕ್ಕ ತಿರುವುಮುರುವು. ಚಳಿಗಾಲದ ಮೋಡವೆಂದರೆ ನೆಲಕ್ಕೆ ಹೊದಿಸಿದ ಕಂಬಳಿ. ಅದು ಸರಿದ ರಾತ್ರಿ ನೆಲದ ಶಾಖವೆಲ್ಲ ಮೇಲಕ್ಕೆ ಹಾರಿಹೋಗುವುದರಿಂದ, ಹಿಮ ಬೀಳುವ ದಿನ ಸಾಮಾನ್ಯವಾಗಿ ಸಹ್ಯವಾಗಿಯೂ, ಹಿಮ ನಿಂತು ಆಕಾಶ ತಿಳಿಯಾದ ಮರುದಿನ ಕಡುಕಷ್ಟವಾಗಿಯೂ ಇರುತ್ತದೆ.

ಈ ಊರು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಖಂಡದ ನಡುಮಧ್ಯದಲ್ಲಿದೆ. ಮಂಗಳೂರಿನ ಚಳಿಯನ್ನೂ ಸೆಕೆಯನ್ನೂ ಹದದಲ್ಲಿಡುವ ಕಡಲಿನಂಥದ್ದು ಇಲ್ಲಿಗೆ ಹತ್ತಿರದಲ್ಲಿಲ್ಲ; ಕೆನಡಾದ ಕಡೆಯಿಂದ ಇಳಿದುಬರುವ ಧ್ರುವಗಾಳಿಯನ್ನು ತಡೆಯಲು ಒಂದು ಬೆಟ್ಟಸಾಲೂ ಇಲ್ಲ. ಬೇಸಿಗೆಯಲ್ಲಿ ದಕ್ಷಿಣದ ಮೆಕ್ಸಿಕೋ ಕೊಲ್ಲಿಯ ತೇವ ಅಷ್ಟೇ ಸಲೀಸಾಗಿ ಮೇಲೆ ಬರುತ್ತದೆ. ಹೀಗಾಗಿ ಒಂದೇ ಊರಿನ ದಾಖಲೆಯಲ್ಲಿ 1888ರ ಜನವರಿಯ ಮೈನಸ್ 41 ಡಿಗ್ರಿ ಫ್ಯಾರನ್‌ಹೀಟ್ ಕೂಡ ಇದೆ, 1936ರ ಜುಲೈನ 108 ಡಿಗ್ರಿ ಕೂಡ ಇದೆ.

ಚಳಿಗಾಲದಲ್ಲಿ ಫೋನಿನಲ್ಲಿ ನೋಡಬೇಕಾದ ಸಂಖ್ಯೆ ವಿಂಡ್ ಚಿಲ್, ಅಂದರೆ ಗಾಳಿಯೂ ಸೇರಿದಾಗ ಮೈಗೆ ತಟ್ಟುವ ಚಳಿ. ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್ (ಮೈನಸ್ 18 ಸೆಲ್ಸಿಯಸ್) ಇರುವಾಗ ಗಂಟೆಗೆ 15 ಮೈಲಿ ಗಾಳಿ ಬೀಸಿದರೆ ವಿಂಡ್ ಚಿಲ್ ಮೈನಸ್ 19 ಫ್ಯಾರನ್‌ಹೀಟಿಗೆ (ಮೈನಸ್ 28 ಸೆಲ್ಸಿಯಸ್) ಇಳಿಯುತ್ತದೆ, ಮುಚ್ಚದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಲ್ಲದು. 2019ರ ಜನವರಿ 30ರಂದು ಉಷ್ಣಾಂಶವೇ ಮೈನಸ್ 28 ಫ್ಯಾರನ್‌ಹೀಟಿಗೆ ಇಳಿದಾಗ ಇಲ್ಲಿ ಅಂಚೆ ಬಟವಾಡೆಯನ್ನೂ ನಿಲ್ಲಿಸಿದ್ದರು. ಕಿವಿ, ಮೂಗು, ಬೆರಳ ತುದಿ ಬಿಳಿಚಿಕೊಂಡು ಸ್ಪರ್ಶಜ್ಞಾನ ಹೋದರೆ ಉಜ್ಜಬೇಡಿ, ಹೀಟರಿನ ಮುಂದೆ ಹಿಡಿಯಬೇಡಿ. ಒಳಗೆ ಬಂದು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ವೈದ್ಯರನ್ನು ಕಾಣಿ.

ಬಟ್ಟೆಯ ವಿಷಯದಲ್ಲಿ ನಾವು ನಂಬಿಕೊಂಡು ಬಂದ ಹತ್ತಿ ಇಲ್ಲಿ ಕೈಕೊಡುತ್ತದೆ: ಬೆವರು ಹೀರಿದ ಬನಿಯನ್ನು ಒದ್ದೆಯಾಗಿಯೇ ಉಳಿದು ಮೈಯನ್ನು ತಣ್ಣಗಾಗಿಸುತ್ತದೆ. ಒಳಪದರಕ್ಕೆ ಉಣ್ಣೆ ಅಥವಾ ಪಾಲಿಯೆಸ್ಟರ್, ನಡುವೆ ಫ್ಲೀಸ್, ಹೊರಗೆ ಗಾಳಿ ತಡೆಯುವ ಕೋಟು ಇರಲಿ. ಐದು ಬೆರಳ ಗ್ಲೌಸಿಗಿಂತ ಬೆರಳುಗಳೆಲ್ಲ ಒಟ್ಟಿಗಿರುವ ಮಿಟನ್ ಬೆಚ್ಚಗಿರುತ್ತದೆ. ಕಾರಿನ ಸೀಟಿನಲ್ಲಿ ಮಗುವನ್ನು ಕೂರಿಸುವಾಗ ಉಬ್ಬಿದ ಕೋಟನ್ನು ಬಿಚ್ಚಿ, ಬೆಲ್ಟು ಬಿಗಿದು, ಅದರ ಮೇಲೆ ಹೊದಿಸಬೇಕು; ಇಲ್ಲವಾದರೆ ಅಪಘಾತದಲ್ಲಿ ಕೋಟು ಅಮುಕಿಕೊಂಡು ಬೆಲ್ಟು ಸಡಿಲವಾಗುತ್ತದೆ. ಬೆಂಗಳೂರಿನಿಂದ ಜರ್ಕಿನ್ ಹೊತ್ತು ತರುವವರಿಗೆ ನಮ್ಮ ಸಲಹೆಯೆಂದರೆ, ಪೆಟ್ಟಿಗೆಯ ಆ ಜಾಗದಲ್ಲಿ ಹಪ್ಪಳ ಸಂಡಿಗೆ ತನ್ನಿ.

ಬಾಡಿಗೆ ಮನೆಯಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಕನಿಷ್ಠ 68 ಡಿಗ್ರಿ (20 ಸೆಲ್ಸಿಯಸ್) ಶಾಖವಿರುವಂತೆ ನೋಡಿಕೊಳ್ಳುವುದು ಮಾಲೀಕರ ಹೊಣೆ. ಒಲೆ ಅಥವಾ ಒವನ್ ಉರಿಸಿ ಮನೆ ಕಾಯಿಸಬೇಡಿ. ಮುಚ್ಚಿದ ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿಡಬೇಡಿ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಒಳಗಿನ ಒಣಗಾಳಿಗೆ ಮಕ್ಕಳ ಮೂಗಿನಿಂದ ರಕ್ತ ಬಂದರೆ ಗಾಬರಿಯಾಗದೆ ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಬಳಸಿ ನೋಡಿ. ದೋಸೆ ಹಿಟ್ಟು ಹುದುಗದಿದ್ದರೆ ಒವನ್ನಿನ ದೀಪವನ್ನಷ್ಟೇ ಹಾಕಿ ಅದರೊಳಗಿಡಿ.

ವರ್ಷಕ್ಕೆ ಸರಾಸರಿ 50 ಇಂಚಿನಷ್ಟು ಹಿಮ ಬೀಳುತ್ತದೆ. 1991ರಲ್ಲಿ ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹಬ್ಬದ ಹೊತ್ತಿಗೆ ಬಂದ ಹಿಮಬಿರುಗಾಳಿಯೊಂದೇ 28.4 ಇಂಚು ಸುರಿದಿತ್ತು. ಬೀದಿಗಳ ಹಿಮ ತೆಗೆಯಲು ನಗರವು ಸ್ನೋ ಎಮರ್ಜೆನ್ಸಿ ಘೋಷಿಸಿದರೆ ಮಿನಿಯಾಪೊಲಿಸ್‌ನಲ್ಲಿ ಮೂರು ದಿನ ಬೀದಿಯ ಪಾರ್ಕಿಂಗ್ ನಿಯಮ ಬದಲಾಗುತ್ತದೆ, ಸೇಂಟ್ ಪಾಲ್‌ನಲ್ಲಿ ನಿಯಮವೇ ಬೇರೆ. ತಿಳಿಯದೆ ನಿಲ್ಲಿಸಿದ ಕಾರನ್ನು ಎಳೆದೊಯ್ಯುತ್ತಾರೆ, ಬಿಡಿಸಿಕೊಳ್ಳಲು ದುಡ್ಡೂ ಒಂದು ದಿನವೂ ಹೋಗುತ್ತದೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬ ಗಾದೆಗೆ ಇಲ್ಲಿ ಬೆಲೆಯಿಲ್ಲ. ಯುಗಾದಿಯ ದಿನವೂ ಮರಗಳು ಬೋಳಾಗಿರಬಹುದು. ಮಾರ್ಚ್‌ನಲ್ಲಿ ಹಗಲು ಕರಗಿದ ಹಿಮ ರಾತ್ರಿ ಮತ್ತೆ ಗಟ್ಟಿಯಾಗಿ, ಟಾರಿನ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆಯ ಪೊರೆಯಾಗುತ್ತದೆ. ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ಕೊರೆಯುವ ಜನವರಿಗಿಂತ ಈ ತಿಂಗಳೇ ಅಪಾಯಕಾರಿ. ಕೆರೆಗಳೂ ಹಾಗೆಯೇ. ನಡೆಯಲು ಕನಿಷ್ಠ 4 ಇಂಚು ದಪ್ಪದ ಹೊಸ, ಗಟ್ಟಿ ಮಂಜುಗಡ್ಡೆ ಬೇಕೆನ್ನುತ್ತಾರೆ, ಆದರೆ ಮೇಲೆ ಹಿಮ ಮುಸುಕಿದಾಗ ದಪ್ಪ ಎಷ್ಟೆಂದು ನೋಡಿ ಹೇಳಲಾಗದು. ಅಳತೆ ಗೊತ್ತಿಲ್ಲದ ಕೆರೆಗೆ ಮಕ್ಕಳನ್ನು ಇಳಿಸಬೇಡಿ.

ಬೇಸಿಗೆ ಚಿಕ್ಕದು, ಚೆಂದದ್ದು. ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಗುಡುಗುಮಳೆ ಮಾತ್ರ ನಮ್ಮ ಮುಂಗಾರಿನಂತೆ ದಿನಗಟ್ಟಲೆ ಜಡಿಯುವುದಿಲ್ಲ. ಆಲಿಕಲ್ಲಿನೊಡನೆ ಎರಗಿ ಮುಗಿಯುತ್ತದೆ, ಒಮ್ಮೊಮ್ಮೆ ಸುಂಟರಗಾಳಿಯನ್ನೂ ತರುತ್ತದೆ. 2011ರ ಮೇ 22ರಂದು ಉತ್ತರ ಮಿನಿಯಾಪೊಲಿಸ್‌ನಲ್ಲಿ ಹಾಗೆಯೇ ಆಯಿತು. ಪ್ರತಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಒಂದಕ್ಕೆ ಮೊಳಗುವ ಸೈರನ್ ಪರೀಕ್ಷೆಗಾಗಿ. ಬೇರೆ ಹೊತ್ತಿನಲ್ಲಿ ಮೊಳಗಿದರೆ ನೆಲಮಾಳಿಗೆಗೆ, ಅದಿಲ್ಲದಿದ್ದರೆ ಕೆಳಮಹಡಿಯಲ್ಲಿ ಕಿಟಕಿಯಿಲ್ಲದ ಒಳಕೋಣೆಗೆ ಕೂಡಲೇ ಹೋಗಿ. 2023ರ ಜೂನ್‌ನಲ್ಲಾದಂತೆ ಕೆನಡಾದ ಕಾಡ್ಗಿಚ್ಚಿನ ಹೊಗೆ ಕವಿದಾಗ ಕಿಟಕಿ ಮುಚ್ಚಿ, ಉಬ್ಬಸವಿರುವವರು ಹೊರಗೆ ಹೋಗದಿರುವುದು ಒಳ್ಳೆಯದು.

ಚಳಿಯ ಸಾಮಾನನ್ನು ಅಕ್ಟೋಬರ್ ಮುಗಿಯುವ ಮೊದಲೇ ಹೊಂದಿಸಿಕೊಳ್ಳಿ. ಮಕ್ಕಳ ಬೂಟು ಒಂದೇ ಚಳಿಗಾಲಕ್ಕೆ ಚಿಕ್ಕದಾಗುವುದರಿಂದ ಇಲ್ಲಿ ಮೊದಲೇ ನೆಲೆಸಿದ ಕನ್ನಡ ಕುಟುಂಬಗಳ ಮನೆಗಳಲ್ಲಿ ಸವೆಯದ ಜೋಡಿಗಳು ಇದ್ದೇ ಇರುತ್ತವೆ. ಕೇಳಲು ಸಂಕೋಚ ಬೇಡ, ನಾವೂ ಹಾಗೆ ಪಡೆದವರೇ.